ಕಣದ ಗುಡ್ಡೆ, ಆಕಾಶದ ಚುಕ್ಕೆ

ಕಾಫಿ ಕೊಯ್ಲಿನ ದಿನಗಳಲ್ಲಿ ಕೊಡಗಿನ ಯಾವ ಕಣಕ್ಕೆ ಹೋದರೂ, ಹಗಲೆಲ್ಲ ಹರಡಿದ ಹಣ್ಣನ್ನು ಸಂಜೆ ಮಂಜು ಬೀಳುವ ಮುನ್ನ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವುದನ್ನು ಕಾಣಬಹುದು. ಒಂದು ಗುಡ್ಡೆ ಚೂಪಾಗಿ ಮೊಣಕಾಲೆತ್ತರಕ್ಕೆ ಎದ್ದಿರುತ್ತದೆ, ಇನ್ನೊಂದು ಅಗಲವಾಗಿ ತಗ್ಗಾಗಿ ಹರಡಿರುತ್ತದೆ. ಬರಿಯ ಎತ್ತರ ನೋಡಿ ಮೊದಲನೆಯದರಲ್ಲೇ ಹೆಚ್ಚು ಕಾಫಿ ಇದೆ ಎನ್ನುವ ಬೆಳೆಗಾರರು ಯಾರೂ ಇಲ್ಲ. ಆದರೆ ಒಂದು ಛಾಯಾಚಿತ್ರ ತೋರಿಸಿ ಯಾವ ಚುಕ್ಕೆಯ ತೀವ್ರತೆ ಹೆಚ್ಚು ಎಂದು ಕೇಳಿದರೆ, ಓದಿದವರೂ ಅತಿ ಹೊಳೆಯುವ ಪಿಕ್ಸೆಲ್ಲಿನ ಕಡೆಗೇ ಬೆರಳು ತೋರಿಸುತ್ತಾರೆ.

ಕನ್ನಡದಲ್ಲಿ ಚುಕ್ಕೆ ಎಂದರೆ ಬಿಂದುವೂ ಹೌದು, ನಕ್ಷತ್ರವೂ ಹೌದು. ಈ ಎರಡರ್ಥ ವಿಜ್ಞಾನಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ದೂರದರ್ಶಕ ಹಿಡಿದ ತಾರೆ, ಹರಳಿನಿಂದ ಚದುರಿದ ಎಕ್ಸ್-ಕಿರಣ ಮೂಡಿಸುವ ಗುರುತು ಮತ್ತು ಜೀನುಗಳ ಚಟುವಟಿಕೆ ತೋರಿಸುವ ಗಾಜಿನ ಪಟ್ಟಿಯ ಮೇಲಿನ ಬಣ್ಣದ ಬೊಟ್ಟು, ಈ ಮೂರನ್ನೂ ಅಳೆಯುವ ಲೆಕ್ಕ ಮೂಲತಃ ಒಂದೇ. ಚುಕ್ಕೆಯ ಒಳಗಿನ ಎಲ್ಲ ಪಿಕ್ಸೆಲ್‌ಗಳ ಬೆಳಕನ್ನು ಕೂಡಿಸಬೇಕು, ಆ ಜಾಗದಲ್ಲಿ ಚುಕ್ಕೆ ಇಲ್ಲದಿದ್ದರೂ ಇರುತ್ತಿದ್ದ ಹಿನ್ನೆಲೆಯ ಬೆಳಕನ್ನು ಕಳೆಯಬೇಕು.

ಗಾಳಿ ಕದಡಿದ ರಾತ್ರಿ ನಕ್ಷತ್ರದ ಬಿಂಬ ಕೆದರಿದ ಗುಡ್ಡೆಯಂತೆ ಅಗಲವಾಗುತ್ತದೆ. ತುದಿ ತಗ್ಗಿದರೂ ಒಟ್ಟು ಬೆಳಕು ಅಷ್ಟೇ ಇರುತ್ತದೆ. ಇನ್ನು ಹಿನ್ನೆಲೆ ಎಂಬುದು ಕಣದ ನೆಲವಿದ್ದಂತೆ: ನೆಲವೇ ಒಂದು ಗೇಣು ಉಬ್ಬಿದ್ದರೆ ಅದರ ಮೇಲಿನ ಗುಡ್ಡೆ ಎತ್ತರವಾಗಿ ಕಾಣುತ್ತದೆ, ಆದರೆ ಆ ಗೇಣು ಕಾಫಿಯಲ್ಲ. ತೂಕದ ಹೊತ್ತಿಗೆ ಗೋಣಿಚೀಲದ ತೂಕವನ್ನು ಕಳೆಯುವುದೂ ಇದೇ ಲೆಕ್ಕ. ಮಡಿಕೇರಿ ಪೇಟೆಯ ದೀಪಗಳ ನಡುವೆ ನಿಂತು ನೋಡಿದ ತಾರೆಗೂ ಭಾಗಮಂಡಲದ ಕತ್ತಲಲ್ಲಿ ನೋಡಿದ ಅದೇ ತಾರೆಗೂ ಇರುವ ವ್ಯತ್ಯಾಸ ತಾರೆಯದ್ದಲ್ಲ, ನೆಲದ್ದು. ಆದ್ದರಿಂದಲೇ ಖಗೋಳಜ್ಞರು ಚುಕ್ಕೆಯ ಸುತ್ತ ಬಳೆಯಂತೆ ಒಂದು ಖಾಲಿ ವಲಯವನ್ನು ಆಯ್ದು, ಅಲ್ಲಿನ ಮಟ್ಟವನ್ನು ನೆಲವೆಂದು ಹಿಡಿಯುತ್ತಾರೆ. ಆ ಬಳೆಯೊಳಗೆ ಪಕ್ಕದ ಗುಡ್ಡೆಯ ಅಂಚು ಸೇರಿಕೊಂಡರೆ ಲೆಕ್ಕ ಕೆಟ್ಟಿತು.

ಇದು ಬರಿಯ ಸೂಕ್ಷ್ಮತೆಯ ಗೀಳಲ್ಲ. 1995ರ ಸುಮಾರಿಗೆ ಬಂದ ಮೈಕ್ರೋಅರೇ ಗಾಜುಪಟ್ಟಿಗಳಲ್ಲಿ ಒಂದು ಮಾದರಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣ ಹಚ್ಚಿ, ಪ್ರತಿ ಬೊಟ್ಟಿನ ಆ ಎರಡು ಹೊಳಪುಗಳ ಅನುಪಾತವನ್ನು ನೋಡಿ, ಆ ಜೀನು ಒಂದು ಮಾದರಿಯಲ್ಲಿ ಇನ್ನೊಂದಕ್ಕಿಂತ ಎಷ್ಟು ಪಟ್ಟು ಹೆಚ್ಚು ಚುರುಕಾಗಿದೆ ಎಂದು ಹೇಳುತ್ತಾರೆ. ಕೆಂಪು 300, ಹಸಿರು 200 ಬಂದರೆ ಅನುಪಾತ ಒಂದೂವರೆ. ಎರಡರಲ್ಲೂ ಗಾಜಿನದೇ ಹೊಳಪು 100 ಇತ್ತು ಎಂದು ತಿಳಿದು ಕಳೆದರೆ ಉಳಿಯುವುದು 200 ಮತ್ತು 100; ಅನುಪಾತ ಎರಡಾಯಿತು.

ನಮ್ಮ ಕಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಪ್ರಾಚೀನ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸನ ಹೆಸರಿಗೆ ಸಲ್ಲುವ ತಾರೆಗಳ ಆರು ದರ್ಜೆಗಳು ಕಣ್ಣಿನ ಅಂದಾಜಿನಿಂದ ಬಂದವು. ಐದು ದರ್ಜೆಗಳ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು ಎಂದು ನಿಗದಿ ಮಾಡಬೇಕೆಂಬ ಸಲಹೆಯನ್ನು 1856ರಲ್ಲಿ ಮುಂದಿಟ್ಟವನು ಇಂಗ್ಲೆಂಡಿನ ಖಗೋಳಜ್ಞ ನಾರ್ಮನ್ ಪಾಗ್ಸನ್. ಈತ 1861ರಲ್ಲಿ ಮದ್ರಾಸಿನ ವೀಕ್ಷಣಾಲಯಕ್ಕೆ ಬಂದು ಕೊನೆಯವರೆಗೂ ಅಲ್ಲೇ ದುಡಿದ. ಹರಳುಶಾಸ್ತ್ರದವರೂ ದಶಕಗಳ ಕಾಲ ಫಿಲ್ಮಿನ ಚುಕ್ಕೆಗಳನ್ನು, ಕ್ರಮವಾಗಿ ಕಪ್ಪಾಗುತ್ತ ಹೋಗುವ ಮಾದರಿ ಚುಕ್ಕೆಗಳ ಪಟ್ಟಿಯೊಂದಿಗೆ ಹೋಲಿಸಿ ಕಣ್ಣಿನಿಂದಲೇ ಓದಿದರು. ಒಂದು ಮಟ್ಟ ದಾಟಿದ ಮೇಲೆ ಫಿಲ್ಮು ಇನ್ನಷ್ಟು ಕಪ್ಪಾಗಲಾರದು, ತುಂಬಿದ ಮಳೆಮಾಪಕ ಮುಂದಿನ ಮಳೆಯನ್ನು ಲೆಕ್ಕಕ್ಕೆ ಹಿಡಿಯಲಾರದಂತೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ: ಹಲವು ಫಿಲ್ಮುಗಳನ್ನು ಒಂದರ ಹಿಂದೊಂದು ಇಟ್ಟು, ಮಂಕಾದ ಚುಕ್ಕೆಗಳನ್ನು ಮೊದಲ ಫಿಲ್ಮಿನಲ್ಲೂ ಪ್ರಖರವಾದವನ್ನು ಹಿಂದಿನ ಫಿಲ್ಮಿನಲ್ಲೂ ಓದುವುದು.

ಕೆಲವೊಮ್ಮೆ ಅಳೆಯಬೇಕಾದದ್ದು ಗುಡ್ಡೆಯಲ್ಲ, ಗುಂಡಿ. ಸೂರ್ಯನ ಕಲೆಯ ನಡುಭಾಗ ಸುಮಾರು 4,000 ಕೆಲ್ವಿನ್ ಬಿಸಿಯಿದ್ದರೂ ಕಪ್ಪಾಗಿ ಕಾಣುವುದಕ್ಕೆ ಕಾರಣ ಸುತ್ತಲಿನ ಮೇಲ್ಮೈ 5,800 ಕೆಲ್ವಿನ್ ಇರುವುದೊಂದೇ. ಅದರಲ್ಲಿ ಅಪಶಕುನ ಹುಡುಕುವವರು ಈ ಅಂಕಿಗಳನ್ನು ನೋಡಬೇಕು. ಪ್ರಯೋಗಾಲಯದಲ್ಲಿ ಹಸಿರಾಗಿ ಬೆಳಗುವ ಸಿಲಿಕಾ ತಟ್ಟೆಯ ಮೇಲೆ ಕಾಫಿಯ ಕೆಫೀನ್ ಅತಿನೇರಳೆ ದೀಪದಡಿ ಕಪ್ಪು ಚುಕ್ಕೆಯಾಗಿ ಕಾಣುವುದೂ ಹೀಗೆಯೇ.

ಕಳೆದ ಮೇಲೂ ಗೊಂದಲ ಉಳಿಯುತ್ತದೆ. ಚುಕ್ಕೆಯಿಂದ 400, ಹಿನ್ನೆಲೆಯಿಂದ 10,000 ಫೋಟಾನು ಬಂದರೆ ಒಟ್ಟು ಎಣಿಕೆಯ ಸಹಜ ಏರಿಳಿತವೇ ಅದರ ವರ್ಗಮೂಲದಷ್ಟು, ಎಂದರೆ ಸುಮಾರು 102. ಇನ್ನೂ ಮಂಕಾದ ಚುಕ್ಕೆಯಲ್ಲಿ ಉತ್ತರ ಸೊನ್ನೆಗಿಂತ ಕಡಿಮೆಯೂ ಬರಬಹುದು. ಬೆಳಕು ಋಣವಾಗಿರಲು ಸಾಧ್ಯವಿಲ್ಲವೆಂದು ಅದನ್ನು ಸೊನ್ನೆಗೆ ತಿದ್ದಿದರೆ ಸರಾಸರಿಯೇ ಮೇಲಕ್ಕೆ ವಾಲುತ್ತದೆ. ಹರಳುಶಾಸ್ತ್ರದಲ್ಲಿ ಇಂತಹ ಅಳತೆಗಳನ್ನು ಎಸೆಯದೆ ಸಂಭವನೀಯತೆಯ ಲೆಕ್ಕದಿಂದ ಬಳಸಿಕೊಳ್ಳುವ ದಾರಿಯನ್ನು 1978ರಲ್ಲಿ ಫ್ರೆಂಚ್ ಮತ್ತು ವಿಲ್ಸನ್ ತೋರಿಸಿದರು.

ತೋಟದ ಸಿಲ್ವರ್ ಓಕ್ ನೆರಳಲ್ಲಿ ಒಂದು ಅರೇಬಿಕಾ ಎಲೆಯನ್ನು ಮಗುಚಿ, ತುಕ್ಕುರೋಗದ ಕಿತ್ತಳೆ ಚುಕ್ಕೆಗಳ ಚಿತ್ರವನ್ನು ಫೋನಿನಲ್ಲಿ ತೆಗೆದೆ. ಅದೇ ಎಲೆಯನ್ನು ಬಿಸಿಲಿಗೆ ತಂದು ಮತ್ತೆ ತೆಗೆದೆ. ಬೆಳಕಿಗೆ ತಕ್ಕಂತೆ ಫೋನು ತಾನೇ ಚಿತ್ರವನ್ನು ತಿದ್ದಿಕೊಂಡದ್ದರಿಂದ, ಎರಡು ಚಿತ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸುವಂತಿರಲಿಲ್ಲ. ಮೂರನೆಯ ಸಲ, ಹೋಲಿಕೆಗೆ ಆಧಾರವಾಗಲೆಂದು, ಎಲೆಯ ಪಕ್ಕದಲ್ಲಿ ಬಿಳಿ ಕಾಗದದ ಒಂದು ಚೂರನ್ನೂ ಇಟ್ಟೆ.