ಸ್ಕಾಲರ್‌ಶಿಪ್ ಮಂಜೂರಾಗಿದೆ, ಹಣ ಮಾತ್ರ ಬಂದಿಲ್ಲ. ಎಲ್ಲಿ ನಿಂತಿದೆ?

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೆ. ಜೊತೆಗೆ ಹಾಕಿದವರಿಗೆಲ್ಲ ದುಡ್ಡು ಬಂದಿದೆ, ನನಗೆ ಬಂದಿಲ್ಲ. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ, ಕಾಲೇಜಿನವರು ನಮ್ಮ ಕೆಲಸ ಮುಗಿದಿದೆ ಎನ್ನುತ್ತಾರೆ. ಯಾರನ್ನು ಕೇಳಲಿ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆದರೂ ಹಣ ಬಾರದೆ ಇರಲು ಸಾಧ್ಯ. ಅದು ಹೇಗೆಂದು ತಿಳಿಯಬೇಕಾದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಈ ಹಣ ಬರುವುದು ನಿಮ್ಮ ಖಾತೆ ಸಂಖ್ಯೆಯ ಮೇಲಲ್ಲ, ಆಧಾರ್ ಸಂಖ್ಯೆಯ ಮೇಲೆ.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್’ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಕೆವೈಸಿ. ಖಾತೆ ತೆರೆಯುವಾಗ ಗುರುತಿನ ದಾಖಲೆಯಾಗಿ ಆಧಾರ್ ಕೊಟ್ಟಿರುತ್ತೀರಿ, ಅದು ಆ ಬ್ಯಾಂಕಿನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಇನ್ನೊಂದು ಸೀಡಿಂಗ್. ಇದರಲ್ಲಿ ನಿಮ್ಮ ಒಪ್ಪಿಗೆ ಪಡೆದು ಬ್ಯಾಂಕು ನಿಮ್ಮ ಆಧಾರನ್ನು ಎನ್‌ಪಿಸಿಐನ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ) ಮ್ಯಾಪರ್ ಎಂಬ ಪಟ್ಟಿಗೆ ಸೇರಿಸುತ್ತದೆ. ಸರ್ಕಾರದ ಹಣ ಹೊರಡುವಾಗ ನೋಡುವುದು ಈ ಪಟ್ಟಿಯನ್ನು ಮಾತ್ರ. ಕೌಂಟರಿನಲ್ಲಿ ‘ಲಿಂಕ್ ಆಗಿದೆಯಾ’ ಎಂದು ಕೇಳಿದರೆ ಕೆವೈಸಿ ನೋಡಿ ‘ಆಗಿದೆ’ ಎಂದುಬಿಡುತ್ತಾರೆ. ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ’ ಎಂದೇ ಕೇಳಿ. ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಜಮಾ ಆಗುವ ವ್ಯವಸ್ಥೆ.

ಮ್ಯಾಪರ್‌ನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ನಾಲ್ಕು ಕಡೆ ಖಾತೆಯಿದ್ದರೂ ಕೊನೆಗೆ ಯಾವ ಬ್ಯಾಂಕು ಸೀಡಿಂಗ್ ಮಾಡಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಅಂಗಡಿಯಲ್ಲಿ ಬೆರಳು ಒತ್ತಿಸಿ ತೆರೆಸಿದ ಪೇಮೆಂಟ್ಸ್ ಬ್ಯಾಂಕ್ ಖಾತೆಯೋ, ಪಿಯುಸಿಯಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆಯೋ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ‘ಬಂದಿಲ್ಲ’ ಎಂದು ಕೊರಗುವ ಹಣ ಎಷ್ಟೋ ಸಲ ಬಂದು ಅಲ್ಲಿ ಕೂತಿರುತ್ತದೆ. ಇನ್ನೊಂದು ಸೂಕ್ಷ್ಮ: ಮ್ಯಾಪರ್‌ಗೆ ಗೊತ್ತಿರುವುದು ಬ್ಯಾಂಕಿನ ಹೆಸರಷ್ಟೇ, ಖಾತೆ ಸಂಖ್ಯೆಯಲ್ಲ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಗಳಿದ್ದರೆ ಯಾವುದಕ್ಕೆ ಜಮಾ ಮಾಡಬೇಕೆಂದು ತೀರ್ಮಾನಿಸುವುದು ಆ ಬ್ಯಾಂಕೇ. ಹಾಗಾಗಿ ಎರಡೂ ಪಾಸ್‌ಬುಕ್‌ಗಳಲ್ಲಿ ಎಂಟ್ರಿ ಹಾಕಿಸಿ ನೋಡಿ.

ಇದನ್ನು ಮನೆಯಲ್ಲೇ ಕೂತು ನೋಡಬಹುದು. ಮೈಆಧಾರ್ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ಸ್ಥಿತಿ, ಕೊನೆಯ ಬಾರಿ ಬದಲಾದ ದಿನಾಂಕ ಕಾಣುತ್ತವೆ. ಸ್ಥಿತಿ ‘ಆಕ್ಟಿವ್’ ಎಂದಿರಬೇಕು. ‘ಇನ್‌ಆಕ್ಟಿವ್’ ಎಂದಿದ್ದರೆ ಆ ಬ್ಯಾಂಕಿನ ಮೂಲಕ ಈಗ ಹಣ ಬರುವುದಿಲ್ಲ. ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಿರದಿದ್ದರೆ ಒಟಿಪಿಯೇ ಬರುವುದಿಲ್ಲ. ಆಗ ಆಧಾರ್ ಸೇವಾ ಕೇಂದ್ರದಲ್ಲಿ ನಂಬರ್ ಸೇರಿಸುವುದೇ ಮೊದಲ ಕೆಲಸ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಸೀಡಿಂಗ್ ವಿವರದ ಜೊತೆಗೆ ರಾಜ್ಯ ಸರ್ಕಾರದಿಂದ ಜಮಾ ಆದ ಹಣದ ಪಟ್ಟಿಯೂ ಸಿಗುತ್ತದೆ.

ಬ್ಯಾಂಕು ಬದಲಿಸಬೇಕಿದ್ದರೆ ಹಳೆಯ ಬ್ಯಾಂಕಿಗೆ ಅಲೆಯಬೇಕಿಲ್ಲ. ಹಣ ಯಾವ ಖಾತೆಗೆ ಬರಬೇಕೋ ಆ ಶಾಖೆಗೇ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಅರ್ಜಿ ಕೊಡಿ. ಈಗಾಗಲೇ ಬೇರೆ ಬ್ಯಾಂಕಿನಲ್ಲಿ ಸೀಡಿಂಗ್ ಆಗಿದ್ದರೆ ಅಲ್ಲಿಂದ ಇಲ್ಲಿಗೆ ವರ್ಗಾಯಿಸಿ ಎಂಬ ಕಾಲಂ ಅರ್ಜಿಯಲ್ಲಿರುತ್ತದೆ. ಅದನ್ನು ಗುರುತು ಮಾಡಿ ಹಳೆಯ ಬ್ಯಾಂಕಿನ ಹೆಸರು ಬರೆಯಿರಿ. ಅದನ್ನು ಖಾಲಿ ಬಿಟ್ಟರೆ ಅರ್ಜಿ ತೆಗೆದುಕೊಂಡೂ ಕೆಲಸ ಆಗದೆ ಉಳಿಯಬಹುದು. ಕೆಲವು ದಿನ ಬಿಟ್ಟು ಮೈಆಧಾರ್‌ನಲ್ಲಿ ಮತ್ತೆ ನೋಡಿ, ಬ್ಯಾಂಕಿನ ಹೆಸರು ಬದಲಾಗಿರಬೇಕು.

ಸೀಡಿಂಗ್ ಸರಿಯಿದ್ದೂ ಹಣ ಬಂದಿಲ್ಲವೆಂದರೆ ಅರ್ಜಿಯ ಕಡೆ ತಿರುಗಿ. ಎಸ್‌ಎಸ್‌ಪಿಯಲ್ಲಿ ನಿಮ್ಮ ಸ್ಟೂಡೆಂಟ್ ಐಡಿ ಕೊಟ್ಟು, ವರ್ಷ ಸರಿಯಾಗಿ ಆರಿಸಿ ಸ್ಥಿತಿ ತೆರೆಯಿರಿ. ಅರ್ಜಿ ಸಲ್ಲಿಕೆ, ಕಾಲೇಜಿನ ಪರಿಶೀಲನೆ, ಇಲಾಖೆಯ ಮಂಜೂರಾತಿ, ಪಾವತಿ ಒಂದಾದ ಮೇಲೊಂದು ನಡೆಯುತ್ತವೆ. ಮಂಜೂರಾತಿಗಿಂತ ಮುಂಚೆಯೇ ನಿಂತಿದ್ದರೆ ಬ್ಯಾಂಕಿಗೆ ಹೋಗಿ ಪ್ರಯೋಜನವಿಲ್ಲ.

ಅಲ್ಲಿ ನಿಲ್ಲಲು ದೊಡ್ಡ ಕಾರಣ ಹೆಸರಿನ ಹೊಂದಾಣಿಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಸ್’, ಆಧಾರ್‌ನಲ್ಲಿ ‘ಕಾವ್ಯಶ್ರೀ’, ಜಾತಿ ಪ್ರಮಾಣಪತ್ರದಲ್ಲಿ ‘ಕಾವ್ಯ’ ಎಂದಿದ್ದರೆ ಕಂಪ್ಯೂಟರಿಗೆ ಅವರು ಮೂವರು. ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ, ಏಕೆಂದರೆ ಮುಂದೆ ಪದವಿ ಪ್ರಮಾಣಪತ್ರದಲ್ಲೂ ಅದೇ ಹೆಸರು ಬರುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಅಕ್ಷರ ಅಕ್ಷರವೂ ನೋಡಿ ಬದಲಿಸಿ.

ಎರಡನೆಯದು ಆದಾಯ ಪ್ರಮಾಣಪತ್ರ. ನಾಡಕಚೇರಿ ಕೊಡುವ ಇದರ ಅವಧಿ 5 ವರ್ಷ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಹೊಸದು ಮಾಡಿಸಿದರೆ ಹೊಸ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಬರುತ್ತದೆ, ಅರ್ಜಿಯಲ್ಲಿ ಹಾಕಬೇಕಾದದ್ದು ಅದನ್ನೇ. ಅಣ್ಣನದೋ ಅಪ್ಪನದೋ ಆರ್‌ಡಿ ನಂಬರ್ ಹಾಕಿದರೆ ಹೆಸರು ಕೂಡುವುದಿಲ್ಲ.

ಕೋರ್ಸಿನ ವರ್ಷ, ಶುಲ್ಕ, ಪ್ರವೇಶದ ವಿವರ ತಪ್ಪಾಗಿದ್ದರೆ ಅದು ಕಾಲೇಜಿನ ಲಾಗಿನ್‌ನಲ್ಲಿ ಸರಿಯಾಗಬೇಕು. ಇ-ದೃಢೀಕರಣಕ್ಕೂ, ಅಂದರೆ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸಿಕೊಳ್ಳಲೂ, ಮೂಲ ದಾಖಲೆ ಹಿಡಿದುಕೊಂಡು ಕಾಲೇಜಿನ ಅಧಿಕಾರಿಯ ಬಳಿಗೇ ಹೋಗಬೇಕು.

ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸುವವರಿಗೆ ಒಂದು ಕಳಕಳಿಯ ಮಾತು: ಸೆಂಟರಿನವರ ಮೊಬೈಲ್ ನಂಬರ್ ಹಾಕಲು ಬಿಡಬೇಡಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಆಗ ಪಾಸ್‌ವರ್ಡ್ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಐಡಿ, ಪಾಸ್‌ವರ್ಡ್ ನಿಮ್ಮ ಪುಸ್ತಕದಲ್ಲಿ ಬರೆದಿಡಿ, ಅರ್ಜಿಯ ಪ್ರಿಂಟ್ ಇಟ್ಟುಕೊಳ್ಳಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಅವರ ಕೇಂದ್ರ ಪುರಸ್ಕೃತ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಖರ್ಚಿನಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಮೊದಲು ರಾಜ್ಯದ ಪಾಲು ಬಿಡುಗಡೆಯಾಗಿ, ಆಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಅರ್ಧ ಹಣವಷ್ಟೇ ಬಂದಿದೆ ಎಂದು ಗಾಬರಿಯಾಗುವ ಮುನ್ನ ಇದು ನೆನಪಿರಲಿ. ಎರಡು ಕಂತುಗಳ ನಡುವೆ ಬ್ಯಾಂಕು ಬದಲಿಸಬೇಡಿ. ಶುಲ್ಕದ ಮೊತ್ತವೂ ಅದರಲ್ಲೇ ಸೇರಿರುವುದರಿಂದ, ಕಾಲೇಜಿಗೆ ಎಷ್ಟು ಕಟ್ಟಬೇಕೆಂದು ಕೇಳಿ ತಿಳಿದ ಮೇಲೆ ಖರ್ಚು ಮಾಡಿ.

ಪಾವತಿ ವಿಫಲವಾಗಿದೆ ಎಂದು ಸ್ಥಿತಿಯಲ್ಲಿ ಕಂಡರೆ ಸೀಡಿಂಗ್ ಸರಿಪಡಿಸಿ ಸುಮ್ಮನೆ ಕೂರಬೇಡಿ. ಮೈಆಧಾರ್‌ನ ಆ ಪುಟ ಮತ್ತು ಎಸ್‌ಎಸ್‌ಪಿ ಸ್ಥಿತಿಯ ಪುಟ ಎರಡನ್ನೂ ಪ್ರಿಂಟ್ ತೆಗೆದು, ಮಂಜೂರು ಮಾಡಿದ ಇಲಾಖೆಯ ತಾಲ್ಲೂಕು ಕಚೇರಿಗೆ ‘ಸೀಡಿಂಗ್ ಸರಿಯಾಗಿದೆ, ಹಣವನ್ನು ಮತ್ತೊಮ್ಮೆ ಪಾವತಿ ಮಾಡಿಕೊಡಿ’ ಎಂದು ಮನವಿ ಬರೆದು ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.