ಟ್ಯೂಬ್ ಹಚ್ಚಿದರೂ ಕಜ್ಜಿ ಮತ್ತೆ ಮತ್ತೆ ಯಾಕೆ ಬರುತ್ತದೆ?

ಪ್ರಶ್ನೆ: ನಾವು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು, ರೇಷ್ಮೆ ಹುಳು ಸಾಕುತ್ತೇವೆ. ಹಾಸ್ಟೆಲ್‌ನಲ್ಲಿ ಓದುವ ಮಗ ರಜೆಗೆ ಬರುವಾಗ ಕಜ್ಜಿ ಅಂಟಿಸಿಕೊಂಡು ಬಂದ. ಡಾಕ್ಟರ್ ಬರೆದುಕೊಟ್ಟ ಟ್ಯೂಬ್ ಹಚ್ಚಿದೆವು, ವಾಸಿಯಾಯಿತು. ತಿಂಗಳು ತುಂಬುವಷ್ಟರಲ್ಲಿ ಮತ್ತೆ ಶುರು. ಈಗ ನನಗೂ ರಾತ್ರಿಯೆಲ್ಲ ನವೆ. ಚಿಂತಾಮಣಿಗೆ ಕೊಟ್ಟಿರುವ ಮಗಳು ಮಗು ಎತ್ತಿಕೊಂಡು ಬಂದು ಹೋಗುತ್ತಿರುತ್ತಾಳೆ. ಔಷಧಿಯಲ್ಲೇ ದಮ್ಮಿಲ್ಲವೋ, ಮನೆಯಲ್ಲೇ ಏನಾದರೂ ಸೇರಿಕೊಂಡಿದೆಯೋ?

ಉತ್ತರ: ಔಷಧಿ ನಾಟದೇ ಇರುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಬೈಯುವ ಮೊದಲು ಒಂದು ಮಾತು ಕೇಳುತ್ತೇನೆ ಅಮ್ಮಾ. ಅವತ್ತು ಟ್ಯೂಬ್ ಹಚ್ಚಿಕೊಂಡಿದ್ದು ಮಗ ಒಬ್ಬನೇ ಅಲ್ವಾ?

ಕಜ್ಜಿಗೆ ಕಾರಣ ಒಂದು ಸಣ್ಣ ಹುಳು. ಎಂಟು ಕಾಲು, ಜಾತಿಯಲ್ಲಿ ದನದ ಉಣ್ಣೆಗೆ ನೆಂಟ. ಅರ್ಧ ಮಿಲಿಮೀಟರೂ ಇಲ್ಲ. ಹೆಣ್ಣು ಹುಳು ಚರ್ಮದ ಮೇಲ್ಪದರ ಕೊರೆಯುತ್ತಾ ಹೋಗಿ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಉಡುದಾರ ಕಟ್ಟುವ ಜಾಗ, ತೊಡೆಸಂದಿ ಅದಕ್ಕೆ ಇಷ್ಟ. ಮೈತುಂಬಾ ಕೆರೆದುಕೊಳ್ಳುವವರ ಮೇಲೂ ಸಾಮಾನ್ಯವಾಗಿ ಇರುವುದು ಹತ್ತು ಹದಿನೈದು ಹುಳು ಅಷ್ಟೇ!

ಹಾಗಾದರೆ ಅಷ್ಟೊಂದು ನವೆ ಎಲ್ಲಿಂದ? ಹುಳು, ಅದರ ಮೊಟ್ಟೆ, ಹಿಕ್ಕೆ ನಮ್ಮ ಮೈಗೆ ಒಗ್ಗುವುದಿಲ್ಲ. ಅದೊಂದು ಅಲರ್ಜಿ. ಮೊದಲ ಸಲ ಹುಳು ಹತ್ತಿದಾಗ ಮೈಗೆ ಇದು ಗೊತ್ತಾಗಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ನವೆಯೂ ಇಲ್ಲ, ಗುಳ್ಳೆಯೂ ಇಲ್ಲ, ಹುಳು ಮಾತ್ರ ಇರುತ್ತದೆ. ಮಗನ ಪಕ್ಕ ಮಲಗಿದವರು, ಅವನ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ನೀವು, ಎಲ್ಲರೂ ‘ನಮಗೇನೂ ಇಲ್ಲ’ ಅಂದುಕೊಂಡೇ ಹುಳು ಸಾಕಿದ್ದೀರಿ. ಅವನು ವಾಸಿಯಾದ ಮೇಲೆ ನಿಮ್ಮಿಂದ ಅವನಿಗೇ ವಾಪಸ್ ಹೋಗಿದೆ. ಎರಡನೇ ಸಲಕ್ಕೆ ಮೈ ಹುಷಾರಾಗಿರುತ್ತದೆ, ಒಂದರಿಂದ ನಾಲ್ಕು ದಿನದಲ್ಲೇ ನವೆ ಶುರು.

ಪಿಯುಸಿ ಓದುವಾಗ ನನ್ನದೂ ಇದೇ ಕತೆ. ರೂಮಿನಲ್ಲಿ ಆರು ಜನ, ಟವೆಲ್ ಎರಡೋ ಮೂರೋ. ನಾಚಿಕೆಪಟ್ಟು ಒಬ್ಬೊಬ್ಬರೇ ಗುಟ್ಟಾಗಿ ಔಷಧಿ ಹಚ್ಚಿಕೊಂಡೆವು, ಬೇರೆ ಬೇರೆ ವಾರದಲ್ಲಿ. ಇಡೀ ವರ್ಷ ಕಜ್ಜಿ ರೂಮು ಸುತ್ತಿತು.

ಆದ್ದರಿಂದ ಒಂದು ರಾತ್ರಿ ಗೊತ್ತುಮಾಡಿ, ಮನೆಯಲ್ಲಿರುವವರೆಲ್ಲ ಅವತ್ತೇ ಹಚ್ಚಿಕೊಳ್ಳಿ. ನವೆ ಇಲ್ಲದವರೂ ಸೇರಿ. ಸಾಮಾನ್ಯವಾಗಿ ಕೊಡುವುದು ಶೇ 5ರ ಪರ್ಮೆಥ್ರಿನ್ ಕ್ರೀಮು. ಕೆರೆತ ಇರುವ ಕಡೆ ಮಾತ್ರ ಸವರಿದರೆ ದುಡ್ಡು ದಂಡ. ಒಣಗಿದ ಮೈಗೆ ಕತ್ತಿನಿಂದ ಅಂಗಾಲಿನವರೆಗೆ ಒಂದು ಚೂರೂ ಬಿಡದಂತೆ ಹಚ್ಚಬೇಕು. ಬೆನ್ನಿಗೆ ಇನ್ನೊಬ್ಬರ ಕೈ ಬೇಕೇ ಬೇಕು. ಉಗುರು ಕತ್ತರಿಸಿ ಅದರ ಸಂದಿಗೂ ಹಚ್ಚಿ. ದೊಡ್ಡವರೊಬ್ಬರಿಗೆ ಹೆಚ್ಚುಕಮ್ಮಿ 30 ಗ್ರಾಮಿನ ಒಂದು ಟ್ಯೂಬ್ ಬೇಕು. ಇಡೀ ಮನೆಗೆ ಒಂದೇ ಟ್ಯೂಬ್ ಸಾಲುವುದಿಲ್ಲ. 8ರಿಂದ 12 ಗಂಟೆ ಮೈಮೇಲಿರಲಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಬೆಳಗ್ಗೆ ಸ್ನಾನ.

ಒಂದು ವಾರ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ. ಮೊದಲ ಸಲ ಬಚಾವಾದ ಮೊಟ್ಟೆಗಳು ಒಡೆದು ಮರಿಗಳಾಗಿರುತ್ತವೆ, ಅವು ಬೆಳೆದು ಮೊಟ್ಟೆ ಇಡುವ ಮೊದಲೇ ಕೊಲ್ಲಬೇಕು. ‘ನವೆ ಕಮ್ಮಿಯಾಯ್ತಲ್ಲ’ ಎಂದು ಜಾಸ್ತಿ ಜನ ಬಿಡುವುದು ಇದನ್ನೇ.

ಈಗ ನಿಮ್ಮ ಮನೆಯದೇ ಒಂದು ವಿಷಯ. ಹುಳುಮನೆಯ ಹತ್ತಿರ ನೀವು ಸೊಳ್ಳೆಬತ್ತಿ ಹಚ್ಚುವುದಿಲ್ಲ ಅಲ್ವಾ? ಪರ್ಮೆಥ್ರಿನ್ ಆ ಬತ್ತಿಯ ಔಷಧಿಗೆ ಅಣ್ಣತಮ್ಮ. ಕಜ್ಜಿಹುಳು ಯಾವುದು, ರೇಷ್ಮೆಹುಳು ಯಾವುದು ಅಂತ ಅದಕ್ಕೇನು ಗೊತ್ತು? ಕ್ರೀಮು ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಬೇಡಿ. ಗೂಡು ಮಾರಿ, ಹುಳುಮನೆ ತೊಳೆದು, ಮುಂದಿನ ಚಾಕಿ ಹುಳು ತರುವ ಮೊದಲಿನ ಬಿಡುವು ಇದಕ್ಕೆ ಹೇಳಿ ಮಾಡಿಸಿದ ಸಮಯ. ವಾರಕ್ಕಿಂತ ಜಾಸ್ತಿ ಬಿಡುವಿದ್ದರೆ ಎರಡೂ ಸಲದ್ದು ಅದರಲ್ಲೇ ಮುಗಿಯುತ್ತದೆ. ಹುಳು ಈಗಾಗಲೇ ತಟ್ಟೆಯಲ್ಲಿದ್ದರೆ ಡಾಕ್ಟರಿಗೆ ಅದನ್ನೇ ಹೇಳಿ. ತೂಕ ನೋಡಿ ಕೊಡುವ ಐವರ್‌ಮೆಕ್ಟಿನ್ ಮಾತ್ರೆಯೂ ಇದೆ. ಬಸುರಿಯರಿಗೆ, 15 ಕಿಲೋ ತುಂಬದ ಮಕ್ಕಳಿಗೆ ಅದು ಬೇಡ.

ಮನೆಯಲ್ಲಿ ಏನಾದರೂ ಸೇರಿಕೊಂಡಿದೆಯೋ ಎಂದಿರಿ. ಮೈ ಬಿಟ್ಟ ಹುಳು ಎರಡು ಮೂರು ದಿನಕ್ಕಿಂತ ಬದುಕುವುದು ಕಷ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ, ಕಜ್ಜಿ ಆದವರು ಹೊದ್ದ ಕಂಬಳಿಯಲ್ಲೇ ಸ್ವಯಂಸೇವಕರನ್ನು ಮಲಗಿಸಿ ನೋಡಿದರು. ಅಂಟಿದ್ದು ತೀರಾ ಕೆಲವರಿಗೆ. ಮೈಗೆ ಮೈ ತಾಗಿದರೇ ಇದು ಚೆನ್ನಾಗಿ ದಾಟುವುದು. ಹಾಗಾಗಿ ಮನೆಗೆಲ್ಲ ಔಷಧಿ ಹೊಡೆಯಬೇಡಿ. ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಟವೆಲ್, ದುಪ್ಪಟಿಯನ್ನು ಹಂಡೆಯ ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಸಾಕು. ಇನ್ನೊಂದು ಮಾತು, ಟೊಮೆಟೊ ಗಿಡಕ್ಕೆ ಹೊಡೆಯುವ ಔಷಧಿಯನ್ನು ಮೈಗೆ ಸವರಿಕೊಳ್ಳುವ ಸಾಹಸ ಯಾರೂ ಮಾಡಬೇಡಿ.

ಹುಳು ಸತ್ತ ಮೇಲೂ ನವೆ ಎರಡರಿಂದ ನಾಲ್ಕು ವಾರ ಇರುತ್ತದೆ. ಸತ್ತ ಹುಳು, ಹಿಕ್ಕೆ ಚರ್ಮದೊಳಗೇ ಇರುತ್ತವಲ್ಲ. ಹೆದರಿ ದಿನಾ ಕ್ರೀಮು ಹಚ್ಚಿದರೆ ಚರ್ಮ ಉರಿಯುತ್ತದೆ ಅಷ್ಟೇ. ಅಂಗಡಿಯಲ್ಲಿ ಕೇಳಿ ತರುವ ‘ಎಲ್ಲಾ ನವೆಗೂ ಒಂದೇ’ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ನವೆ ಅಡಗುತ್ತದೆ, ಹುಳು ಆರಾಮಾಗಿ ಹೆಚ್ಚುತ್ತದೆ. ನಾಲ್ಕು ವಾರ ದಾಟಿದರೂ ಹೊಸ ಗುಳ್ಳೆ ಏಳುತ್ತಿದ್ದರೆ ಡಾಕ್ಟರ್ ನೋಡಲಿ. ಕೀವು, ಜ್ವರ, ಮುಖ ಊದುವುದು, ಮೂತ್ರ ಕೆಂಪಗಾಗುವುದು ಕಂಡರೆ ಅಷ್ಟು ದಿನ ಕಾಯಬೇಡಿ. ಕೆರೆದ ಗಾಯಕ್ಕೆ ಸೇರುವ ಸೋಂಕು ಕಿಡ್ನಿಯವರೆಗೂ ಹೋಗಬಹುದು.

ಮಗ ಔಷಧಿ ಹಚ್ಚಿದ ಮಾರನೆಯ ದಿನವೇ ಹಾಸ್ಟೆಲ್‌ಗೆ ಹೋಗಬಹುದು. ಆದರೆ ವಾರ್ಡನ್‌ಗೆ ಫೋನ್ ಮಾಡಿ, ಅವನ ರೂಮಿನವರೆಲ್ಲ ಒಟ್ಟಿಗೆ ಹಚ್ಚಿಕೊಳ್ಳುವಂತೆ ಮಾಡಿ. ಇನ್ನೊಂದು ಫೋನ್ ಚಿಂತಾಮಣಿಗೆ. ಮಗಳ ಮನೆಯವರೂ ಅದೇ ರಾತ್ರಿ ಹಚ್ಚಿಕೊಳ್ಳಲಿ. ಮಗುವಿನ ಅಂಗೈ, ಅಂಗಾಲು ತಿರುಗಿಸಿ ನೋಡಲು ಹೇಳಿ, ಎಳೆಮಕ್ಕಳಿಗೆ ಗುಳ್ಳೆ ಅಲ್ಲೂ ಏಳುತ್ತದೆ, ತಲೆ ಮುಖದ ಮೇಲೂ ಏಳುತ್ತದೆ. ಮಗುವಿಗೆ ಎರಡು ತಿಂಗಳು ತುಂಬಿದೆಯೋ ಇಲ್ಲವೋ ನೋಡಿ ಯಾವ ಔಷಧಿ ಎಂದು ಡಾಕ್ಟರೇ ಹೇಳಬೇಕು, ನಿಮ್ಮ ಟ್ಯೂಬಿನಲ್ಲಿ ಉಳಿದಿದ್ದನ್ನು ಕೊಟ್ಟು ಕಳಿಸಬೇಡಿ.