ಮನೆ ಡಲ್ಲಾಸ್, ಕ್ಲೈಂಟ್ ನ್ಯೂಯಾರ್ಕ್: 183 ದಿನ ದಾಟದಿದ್ರೆ ಟ್ಯಾಕ್ಸ್ ಇಲ್ವಾ?

ಪ್ರಶ್ನೆ: ಮನೆ, ಹೆಂಡ್ತಿ, ಮಕ್ಕಳು ಎಲ್ಲಾ ಟೆಕ್ಸಾಸ್‌ನಲ್ಲಿ. ಸೋಮವಾರ ಬೆಳಗ್ಗೆ ಫ್ಲೈಟ್ ಹತ್ತಿ ನ್ಯೂಯಾರ್ಕ್ ಕ್ಲೈಂಟ್ ಹತ್ರ ಹೋಗ್ತೀನಿ, ಗುರುವಾರ ರಾತ್ರಿ ವಾಪಸ್. 183 ದಿನ ದಾಟೋಕೆ ಬಿಡಲ್ಲ. ಹಾಗಾದ್ರೆ ನ್ಯೂಯಾರ್ಕ್‌ಗೆ ಸ್ಟೇಟ್ ಟ್ಯಾಕ್ಸ್ ಕಟ್ಟೋದು ಬೇಡ ಅಲ್ವಾ?

ಉತ್ತರ: ಕಟ್ಟಲೇಬೇಕು, ಅಲ್ಲಿ ದುಡಿದ ದಿನಗಳ ಸಂಬಳದ ಮೇಲೆ. ಈ 183 ನಮ್ಮೋರ ತಲೇಲಿ ಗಟ್ಟಿಯಾಗಿ ಕೂತುಬಿಟ್ಟಿದೆ, ಯಾಕಂದ್ರೆ ರೆಸಿಡೆಂಟ್ ಹೌದೋ ಅಲ್ವೋ ಅನ್ನೋಕೆ ಇಂಡಿಯಾದಲ್ಲಿ 182 ದಿನದ ಲೆಕ್ಕ, ಇಲ್ಲಿ ಅಮೆರಿಕದ ಕೇಂದ್ರ (ಫೆಡರಲ್) ಟ್ಯಾಕ್ಸ್‌ನಲ್ಲಿ 183ರ ಲೆಕ್ಕ, ಎಲ್ಲಾ ಸೇರಿ ಕಲಸಿಹೋಗಿದೆ. ಸ್ಟೇಟ್ ಕೇಳೋದು ಎರಡು ಬೇರೆ ಬೇರೆ ಪ್ರಶ್ನೆ: ನೀನು ನಮ್ಮ ರೆಸಿಡೆಂಟಾ? ಅಲ್ಲ ಅಂದ್ರೆ, ನಮ್ಮಲ್ಲಿ ಕೂತು ಎಷ್ಟು ಸಂಪಾದಿಸಿದೆ?

ಮೊದಲನೇದರಲ್ಲಿ ನೀವು ಸೇಫ್. ಕಾಯಂ ಮನೆ ಯಾವುದು ಅಂತ ನೋಡೋವಾಗ ಮನೆಯವರು ಎಲ್ಲಿದ್ದಾರೆ, ಮಕ್ಕಳ ಸ್ಕೂಲ್ ಎಲ್ಲಿ, ಲೈಸೆನ್ಸ್, ಕಾರ್ ರಿಜಿಸ್ಟ್ರೇಷನ್ ಯಾವ ಸ್ಟೇಟ್‌ದು, ಇದೆಲ್ಲಾ ಲೆಕ್ಕಕ್ಕೆ ಬರತ್ತೆ, ನಿಮ್ದು ಎಲ್ಲಾ ಟೆಕ್ಸಾಸೇ. ಆದ್ರೆ ಒಂದು ಎಚ್ಚರಿಕೆ. ನ್ಯೂಯಾರ್ಕ್‌ನಲ್ಲಿ ವರ್ಷದ ಬಹುಭಾಗ ಒಂದು ಅಪಾರ್ಟ್‌ಮೆಂಟ್ ಇಟ್ಕೊಂಡು, 184 ದಿನ ಅಥವಾ ಜಾಸ್ತಿ ಅಲ್ಲಿದ್ರೆ, ಕಾಯಂ ಮನೆ ಎಲ್ಲೇ ಇರ್ಲಿ ನೀವು ಅಲ್ಲಿನ ರೆಸಿಡೆಂಟ್, ಆಗ ಬ್ಯಾಂಕ್ ಬಡ್ಡಿ, ಷೇರಿನ ಲಾಭ ಎಲ್ಲದರ ಮೇಲೂ ಟ್ಯಾಕ್ಸ್, ಅಪಾರ್ಟ್‌ಮೆಂಟ್ ನ್ಯೂಯಾರ್ಕ್ ಸಿಟಿಯೊಳಗೇ ಇದ್ದು ಆ 184 ದಿನಾನೂ ಸಿಟಿಯಲ್ಲೇ ಕಳೆದಿದ್ರೆ ಸಿಟಿ ಟ್ಯಾಕ್ಸ್ ಬೇರೆ. ದಿನದಲ್ಲಿ ಸ್ವಲ್ಪ ಹೊತ್ತು ಇದ್ರೂ ಅದು ಇಡೀ ದಿನ. ಗುರುವಾರ ಲಾಗಾರ್ಡಿಯಾ ಏರ್‌ಪೋರ್ಟ್‌ನಿಂದ ಸಂಜೆ ಹೊರಟ್ರೂ ಗುರುವಾರ ನ್ಯೂಯಾರ್ಕ್ ಲೆಕ್ಕಕ್ಕೇ. ವಾರಕ್ಕೆ 4 ದಿನ ಅಂದ್ರೆ 46 ವಾರಕ್ಕೆ 184 ಆಗೋಯ್ತು! ಅದಕ್ಕೇ ನಾನು ಹೇಳೋದು, ವಾರಾವಾರ ಹೋಗೋರು ಹೋಟೆಲ್ ಖರ್ಚು ಉಳಿಯತ್ತೆ ಅಂತ ಅಪಾರ್ಟ್‌ಮೆಂಟ್ ಲೀಸ್ ಮಾಡೋ ಮುಂಚೆ ಸರಿಯಾಗಿ ಲೆಕ್ಕ ಹಾಕಿ, ಹೋಟೆಲೇ ಎಷ್ಟೋ ವಾಸಿ.

ಎರಡನೇ ಪ್ರಶ್ನೆಗೆ ದಿನದ ಮಿತಿ ಕೆಲಸಕ್ಕೆ ಬರಲ್ಲ. ಸಂಬಳ 1,20,000 ಡಾಲರ್, ವರ್ಷಕ್ಕೆ 240 ಕೆಲಸದ ದಿನ, ಅದ್ರಲ್ಲಿ 120 ನ್ಯೂಯಾರ್ಕ್‌ನಲ್ಲಿ ಅಂದ್ಕೊಳ್ಳಿ, ಆಗ 60,000 ನ್ಯೂಯಾರ್ಕ್ ಆದಾಯ. ರೇಟ್ ಮಾತ್ರ ಪೂರ್ತಿ ಆದಾಯ ನೋಡಿ ಹಾಕ್ತಾರೆ, ಆಮೇಲೆ ಅದ್ರಲ್ಲಿ ನ್ಯೂಯಾರ್ಕ್ ಪಾಲು ತಗೋತಾರೆ. ನೀವು ನ್ಯೂಜೆರ್ಸಿಯವರಾಗಿದ್ರೆ ನ್ಯೂಯಾರ್ಕ್‌ಗೆ ಕಟ್ಟಿದ್ದಕ್ಕೆ ಮನೆ ಸ್ಟೇಟ್‌ನಲ್ಲಿ ಕ್ರೆಡಿಟ್, ಅಂದ್ರೆ ಅಲ್ಲಿನ ಟ್ಯಾಕ್ಸ್‌ನಲ್ಲಿ ಕಡಿತ, ಸಿಗ್ತಿತ್ತು. ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ವಲ್ಲ, ಕ್ರೆಡಿಟ್ ಎಲ್ಲಿಂದ ಬರ್ಬೇಕು? ಕೊಟ್ಟಿದ್ದು ಕೊಟ್ಟಂಗೇ. ಪ್ರಾಜೆಕ್ಟ್ ಒಪ್ಕೊಳ್ಳೋ ಮುಂಚೆನೇ ಕಂಪನಿ ಹತ್ರ ಈ ಖರ್ಚಿನ ಬಗ್ಗೆ ಮಾತಾಡಿ, ಕೇಳೋದ್ರಲ್ಲಿ ಸಂಕೋಚ ಬೇಡ.

ಮನೆಯಿಂದ ಕೆಲಸ ಮಾಡೋ ಶುಕ್ರವಾರ? ನಿಮ್ಮ ಕಂಪನಿಯ ಆಫೀಸ್ ಡಲ್ಲಾಸ್‌ನಲ್ಲೇ ಇದ್ದು, ಕ್ಲೈಂಟ್ ಮಾತ್ರ ನ್ಯೂಯಾರ್ಕ್ ಆದ್ರೆ ಅದು ಟೆಕ್ಸಾಸ್ ದಿನ. ಆದ್ರೆ ನಿಮ್ಮನ್ನ ಹಾಕಿರೋ ಆಫೀಸೇ ನ್ಯೂಯಾರ್ಕ್‌ದಾಗಿದ್ದು, ನಿಮ್ಮ ಅನುಕೂಲಕ್ಕೆ ಮನೇಲಿ ಕೂತಿದ್ರೆ ಆ ದಿನಾನೂ ಅವರು ತಮ್ಮದೇ ಅಂತಾರೆ.

ಬೇರೆ ಸ್ಟೇಟ್‌ಗಳ ನಿಯಮ ಬೇರೆ ಥರ. ಕ್ಯಾಲಿಫೋರ್ನಿಯಾದಲ್ಲಿ ವರ್ಷದಲ್ಲಿ 9 ತಿಂಗಳಿಗಿಂತ ಜಾಸ್ತಿ ಇದ್ರೆ ರೆಸಿಡೆಂಟ್ ಅಂತಾನೇ ಅಂದ್ಕೋತಾರೆ, ಹಾಗಂತ ಕಮ್ಮಿ ಇದ್ರೆ ಅಲ್ಲ ಅಂತೇನೂ ಗ್ಯಾರಂಟಿ ಇಲ್ಲ. ಇಲಿನಾಯ್‌ನಲ್ಲಿ ಹೊರಗಿನವರಿಗೆ 30 ಕೆಲಸದ ದಿನದವರೆಗೆ ವಿನಾಯ್ತಿ ಇದೆ.

ಟೈಮ್‌ಶೀಟ್, ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್ ಒಂದು ಫೋಲ್ಡರ್‌ನಲ್ಲಿ ಹಾಕ್ಕೊಂಡು ಹೋಗಿ, ಆಡಿಟ್ ಬಂದ್ರೆ ಎಲ್ಲಿದ್ರಿ ಅಂತ ತೋರಿಸ್ಬೇಕಾದವರು ನೀವೇ. ಮತ್ತೆ ಪೇರೋಲ್‌ನವರು ನ್ಯೂಯಾರ್ಕ್ ಟ್ಯಾಕ್ಸ್ ಹಿಡಿದಿಲ್ಲ ಅಂತ ಸುಮ್ಮನಿರಬೇಡಿ, ಐಟಿ-203, ಅಂದ್ರೆ ರೆಸಿಡೆಂಟ್ ಅಲ್ಲದವರ ನ್ಯೂಯಾರ್ಕ್ ರಿಟರ್ನ್, ಹಾಕೋ ಜವಾಬ್ದಾರಿ ನಿಮ್ದು, ರಿಟರ್ನೇ ಹಾಕದಿದ್ರೆ ಎಷ್ಟು ವರ್ಷ ಆದ್ಮೇಲೂ ಅವರು ಕೇಳಬಹುದು, ಬಡ್ಡಿ ದಂಡ ಸೇರಿಸಿ.